ಸೊನ್ನಿಕಿಂತ ಕೆಳಗ

ಚೌಬಜಾರಿನ ಝೆರಾಕ್ಸ್ ಅಂಗಡಿಯಾಗ
ಬಾಗವಾನರ ಶಬಾನಾ ಕುರ್ಚಿ ಸರಿಸಿ ಕೂಡಿಸಿದಳು.
“ಮಾಂಶಿ, ಯಾವ ಸಾಫ್ಟ್‌ವೇರಿನಾಗ ಕಟ್ಟೂಣು ನಿಮ್ಮ ಮನಿ?”
ಇಪ್ಪತ್ತು ಬೈ ಮೂವತ್ತರ ಜಾಗಾ,
ಹಿಂದ ಕೆಂಪು ಬಂಡಿಯ ಗುಡ್ಡ, ಮುಂದ ಗಟಾರ,
ಚೀಲದಾಗ ಖಣ ಮಾರಿದ ರೊಕ್ಕದ ಪಾಸ್‌ಬುಕ್ಕು.
ನನಗ ಗೊತ್ತಿದ್ದ ಸಾಫ್ಟು
ರೇಷ್ಮಿ ಒಂದ.

ಮೊದಲನೇದು ತೆರದಳು.
ಹಚ್ಚಗ ಹುಲ್ಲು, ಇಳಿಜಾರು ಮಾಡು,
ಮಾಡಿನ ತುದಿಗೆ ಹೊಗಿಗೂಡು.
“ಹಿಮ ಬೀಳೂ ಊರಿನ ಮನಿ ಮಾಂಶಿ ಇವು.”
ಗುಳೇದಗುಡ್ಡದ ಏಪ್ರಿಲ್ ಬಿಸಲಾಗ
ಮಾಳಗಿ ಮ್ಯಾಲ ಹಾಕಿದ ಶಂಡಿಗಿ
ಹೊಳ್ಳಿ ನೋಡೂದ್ರಾಗ ಕಟುಂ ಅಂತಾವು.
ಇಂಥಾ ಜಾರಿನ ಮ್ಯಾಲ
ಶಂಡಿಗಿ ಹ್ಯಾಂಗ ನಿಲ್ಲತಾವ ತಂಗಿ?
ಮುಚ್ಚಿದಳು.

ಎರಡನೇದು ಭಾಳ ಶಾಣ್ಯಾ.
ಕೇಳಲಾರದನ ಪಡಸಾಲ್ಯಾಗ ಸೋಫಾ ತಂದು ಇಟ್ಟಿತು,
ಮೂಲಿಗೆ ಮೀನಿನ ಪೆಟ್ಟಿಗಿ,
ಹಿತ್ತಲದಾಗ ನಾಯಿಗೊಂದು ಮನಿ.
ಗ್ವಾಡಿಗೆ ಮುನ್ನೂರು ಬಣ್ಣ.
ಅದರಾಗ ನನ್ನ ಖಣದ ಕೆಂಪು ಹುಡುಕಿದೆ,
ಹತ್ತರ ಹತ್ತರ ಬಂದು
ಕುಂಕುಮದ ಕಡೆ ತಿರುಗಿ ಬಿಡತಿತ್ತು.
“ಮಗ್ಗ ಐತೇನ ನೋಡು” ಅಂದೆ.
ಇಂಗ್ಲಿಷ್ ಅಕ್ಷರದಾಗ ಒತ್ತಿದಳು.
ಬಂತು:
ಹಿಡಕಿ ಇದ್ದ ಒಂದು ಬಿಳೇ ಮಗ್ಗು,
ಮ್ಯಾಲ ಕಾಫಿ ಹೊಗಿ.

ನಕ್ಕೋತ ನಕ್ಕೋತ ಆಕಿನ ಹಾದಿ ಹುಡುಕಿದಳು.
ಕುಣಿ ಬೇಕಲ್ಲ, ಕಾಲು ಇಳಿಬಿಡಾಕ?
ಜಳಕದ ತೊಟ್ಟಿ ಒಂದು ಎಳಕೊಂಡು ಬಂದು
ಬಾಗಿಲ ಬಲಕ್ಕ ಇಟ್ಟಳು.
ಅಷ್ಟರಾಗ ಇವರು ಚಾ ತಗೊಂಡು ಬಂದರು.
ಪರದೆ ನೋಡಿದರು, ನನ್ನ ನೋಡಿದರು.
“ಬಾಗಿಲ ಮುಂದ ಜಳಕಾ?
ಯಾರಿಗೆ, ನಿನಗೊ ನನಗೊ?”

ವಿಷಯ ತಿಳದ ಮ್ಯಾಲ ನಗಿ ಹೋತು.
“ಹೊಸಾ ಮನ್ಯಾಗೂ ಕುಣೀನ?
ನಮ್ಮಪ್ಪ ಇಳದ, ನಾ ಇಳದೆ,
ಸಾಕಿನ್ನ. ಟೈಲ್ಸ್ ಹಾಕಿ ಸಪಾಟ ಮಾಡಸ್ತೇನಿ.”
ಚಾದ ಕಪ್ಪು ಅಲ್ಲೇ ಬಿಟ್ಟು ಹೊಂಟ ಹೋದರು.

ಮೂರನೇದು ಹಳೇದು, ಕುರೂಪಿ.
ಬಣ್ಣಿಲ್ಲ, ಹುಲ್ಲಿಲ್ಲ,
ಬರೇ ಗೆರಿ, ಬರೇ ಚೌಕ.
ನೋಡಿದ ಕೂಡಲೇ ಎದಿ ತಣ್ಣಗಾತು:
ಇದು ನಮ್ಮ ನಕ್ಷಿ ಹಾಳಿ!
ಒಂದು ಚೌಕಕ್ಕ ಒಂದು ಎಳಿ ಅಂತ ಎಣಿಸಿ
ಆನಿಹೆಜ್ಜಿ ತೆಗದಾಕಿ ನಾ,
ಒಂದು ಚೌಕಕ್ಕ ಒಂದು ಫೂಟು ಅಂದ್ರ
ತಿಳಿಯಾಂಗಿಲ್ಲೇನು?
ಗ್ವಾಡಿ ನಾನ ಎಳದೆ. ಇಲಿ ಎರಡ ಸಲ ಜಾರಿತು.
ಕಿಡಕಿ ಮೂಡಣಕ್ಕ, ಲಾಳಿ ಹಾಯೂ ಕೈಗೆ ಬೆಳಕು ಬೀಳೂಹಂಗ.

ನೆಲದ ಎತ್ತರ ಎಷ್ಟಂತ ಕೇಳಿತು.
ಅಲ್ಲಿ ಒಂದು ಸೊನ್ನಿ ಕುಂತಿತ್ತು.
“ಸೊನ್ನಿಕಿಂತ ಕೆಳಗ ಹೋಗತೈತೇನ ಶಬಾನಾ?”
ಆಕಿನೂ ಎಂದೂ ಕೇಳಿದ್ದಿಲ್ಲ.
ಎಲ್ಲಾರೂ ಮ್ಯಾಲ, ಇನ್ನೂ ಮ್ಯಾಲ ಅಂದವರ,
ಮೊದಲನೇ ಅಂತಸ್ತು, ಎರಡನೇದು, ಗಚ್ಚಿಗೊಂದು ತಗಡು.
ಮೈನಸ್ ಒತ್ತಿ, ಎರಡೂವರಿ ಬರದಳು.

ನೆಲ ಬಾಯಿ ತೆರೀತು.
ಆಳದಾಗ ಒಂದೀಟು ಕತ್ತಲ,
ಮಣ್ಣಿನ ತಂಪಿಗೆ ಎಳಿ ಹರಿಯಾಂಗಿಲ್ಲ,
ಅದನ್ನ ಯಾವ ಕಂಪ್ಯೂಟರೂ ತೋರಸಾಂಗಿಲ್ಲ, ಖರೆ.
ಆದರ ಮೇಜಿನ ಕೆಳಗ
ನನ್ನ ಬಲಗಾಲು ತಾನಾಗೇ
ಪಾವಡಿ ಹುಡುಕಿತು.

ಅಚ್ಚು ಹಾಕಿಸಿದೆ, ಹತ್ತು ರೂಪಾಯಿ.
ಮನಿ ತುಂಬ ಅಡ್ಡಕ್ಕ ‘ಟ್ರಯಲ್’ ಅಂತ ಬೂದು ಅಕ್ಷರ.
ಇರಲಿ, ಕಟ್ಟೂತನಕ ಎಲ್ಲಾ ಟ್ರಯಲ್ಲ.

ರಾತ್ರಿ ಊಟಕ್ಕ ಇವರು ಮಾತಿಲ್ಲ.
ಹಾಳಿ ಕಂಡಿಕಿ ಬುಟ್ಟಿ ಮ್ಯಾಲ ಹರವಿ
ಬೀಡಿ ಹಚ್ಚಲಾರದ ಕೈಯಾಗ ಹಿಡಕೊಂಡು ಕುಂತಿದ್ದರು.
ದೀಪ ಆರಿಸಿದ ಮ್ಯಾಲ, ಗ್ವಾಡಿ ಕಡೆ ಮಾರಿ ಮಾಡಿ:
“ಎರಡೂವರಿ ಸಾಲಾಂಗಿಲ್ಲ.
ನನ್ನ ಕಾಲು ಉದ್ದ.”