ಬೋಟು ಬಂದ್ ಆದ ತಿಂಗಳು

ಹದಿನಾರು ತುಂಬಿ ಏಳು ತಿಂಗಳಾದ ಮೇಲೆ
ಒಂದು ಶುಕ್ರವಾರ, ಬೈತಖೋಲದ ನಮ್ಮ ಹಿತ್ತಿಲಲ್ಲಿ
ನಾನು ದೊಡ್ಡವಳಾದೆ.
ಅಂದರೆ, ಆಯಿ ಕೊಯ್ದಿಟ್ಟ ಮೀನಿನ ಬುಟ್ಟಿಯ ತಳದಿಂದ
ಮೂರು ಬೆರಳು ನೆತ್ತರು ತೆಗೆದು
ಲಂಗಕ್ಕೆ ಒರೆಸಿಕೊಂಡೆ.

ಕೈ ನಡುಗಲಿಲ್ಲ.
ಓರಗೆಯವರೆಲ್ಲ ಹೊರಗೆ ಕೂತು ಎದ್ದು ಮೂರು ವರ್ಷ.
ಶಾಲೆಯಲ್ಲಿ ಯಾರಿಗೆ ಅವಸರವಾದರೂ
ಪ್ಯಾಡು ಸಿಗುತ್ತಿದ್ದುದು ನನ್ನ ಚೀಲದಲ್ಲೇ,
ಖರ್ಚಿಲ್ಲದವಳ ಹತ್ತಿರ ಯಾವಾಗಲೂ ದಾಸ್ತಾನು.
ಆಯಿ ಹೊತ್ತ ಹರಕೆಗಳ ಲೆಕ್ಕ
ಮೀನಿನ ಬಾಕಿಪಟ್ಟಿಗಿಂತ ಉದ್ದವಾಗಿತ್ತು.

ಹಸಿರು ಬಳೆ ತೊಡಿಸಿದರು. ಎಳ್ಳುಂಡೆ, ಕೊಬ್ಬರಿ.
ಗುಲಾಬಿ ತಾಂಡೇಲ ಎರವಲು ಜರಿಸೀರೆ ತಂದಳು.
ಆಯಿ ಮೂಗು ಒರೆಸುತ್ತ ಓಣಿಯೆಲ್ಲ ಸಕ್ಕರೆ ಹಂಚಿದಳು.

ಲಂಗ ಒಗೆಯಲು ಒಯ್ದವಳು ಶೇವಂತಜ್ಜಿ.
ನಲವತ್ತು ವರ್ಷ ಮೀನು ಮಾರಿದ ಮೂಗು.
"ಬಂಗಡೆಯದಲ್ಲ," ಅಂದಳು ತನ್ನಷ್ಟಕ್ಕೇ,
"ಗೆದರದ್ದು."
ಮತ್ತೆ ಸಾಬೂನು ತಿಕ್ಕಿದಳು.

ಮುಂದಿನ ತಿಂಗಳು ಒಗೆಯುವ ಕಲ್ಲಿನ ಹಿಂದೆ
ಒಂದು ಗೆರಟೆ, ಮೇಲೆ ಹಲಸಿನೆಲೆ ಮುಚ್ಚಿ.
ಒಳಗೆ ಬೇಕಾದಷ್ಟು.
ಯಾರಿಟ್ಟದ್ದೆಂದು ನಾನು ಕೇಳಲಿಲ್ಲ,
ಅವಳು ಹೇಳಲಿಲ್ಲ.
ಹೀಗೆ ತಪ್ಪದೆ ಬಂತು, ಅಮಾವಾಸ್ಯೆಯ ಉಬ್ಬರದ ಹಾಗೆ,
ಮಾರ್ಚ್, ಏಪ್ರಿಲ್, ಮೇ.

ಜೂನ್ ಒಂದಕ್ಕೆ ಬೋಟುಗಳು ದಕ್ಕೆ ಸೇರಿದವು.
ಎರಡು ತಿಂಗಳು ಕಡಲಿಗಿಳಿಯುವಂತಿಲ್ಲ, ಸರ್ಕಾರದ ಆದೇಶ.
ಬುಟ್ಟಿಯಲ್ಲಿ ಒಣಮೀನು.
ಒಣಮೀನಿಗೆ ಎಲ್ಲಿಯ ನೆತ್ತರು?
ನನ್ನ ಮುಟ್ಟೂ ಬಂದ್.

ಆಯಿ ಕ್ಯಾಲೆಂಡರ್ ನೋಡಿದಳು, ನನ್ನ ಹೊಟ್ಟೆ ನೋಡಿದಳು,
ಬಾಗಿಲು ಹಾಕಿಕೊಂಡು ಹೊಡೆದಳು.
"ಯಾರವನು, ಹೇಳು!"
ಇಲ್ಲದವನಿಗೆ ಎಲ್ಲಿಂದ ಹೆಸರು ತರಲಿ?
ಅಜ್ಜಿ ನಡುವೆ ಬಂದು ಎರಡು ಏಟು ತಾನು ತಿಂದಳು.
ಗೆರಟೆಯ ಸುದ್ದಿ ಮಾತ್ರ ಎತ್ತಲಿಲ್ಲ.

ದೊಡ್ಡಾಸ್ಪತ್ರೆಯ ಸ್ಕ್ಯಾನಿಂಗ್ ಕೋಣೆ. ಹೊಟ್ಟೆಗೆ ತಣ್ಣನೆ ಜೆಲ್ಲು.
ಡಾಕ್ಟರಮ್ಮ ಬಹಳ ಹೊತ್ತು ಹುಡುಕಿದರು
ಮರಳಲ್ಲಿ ಬಿದ್ದ ಮೂಗುತಿ ಹುಡುಕಿದ ಹಾಗೆ.
ಕೂಸು ಇಲ್ಲ, ಅಂದರು.
ಆಯಿ ಕೈಮುಗಿದಳು.
ಗರ್ಭಕೋಶವೂ ಇಲ್ಲ, ಅಂದರು.
ಮುಗಿದ ಕೈ ಹಾಗೇ ಇತ್ತು.

ಹುಬ್ಬಳ್ಳಿಯಲ್ಲಿ ನನ್ನದೇ ನೆತ್ತರು ತೆಗೆದರು,
ಅದರ ಪಾಲಿಗೆ ಮೊದಲ ಸಾಕ್ಷಿ.
ಎಕ್ಸ್ ಒಂದು, ವೈ ಒಂದು, ಎಂದು ಬರೆದುಕೊಟ್ಟಿತು.
ಗಂಡಸಿನ ಹಾರ್ಮೋನು ಒಳಗೆ ಸಾಕಷ್ಟಿದೆ, ಅಂದರು,
ಕೂಗುತ್ತಲೇ ಇದೆ. ಇವಳ ಮೈಗೆ ಅದು ಕೇಳಿಸುವುದಿಲ್ಲ.
ಹುಟ್ಟುವ ಮೊದಲೂ ಕೇಳಿಸಿರಲಿಲ್ಲ.

ಆಯಿಗೆ ಅರ್ಥವಾಗಲಿಲ್ಲ. ನನಗೂ.
ಅಜ್ಜಿ ಕವಳ ಒಂದು ಕಡೆ ಒತ್ತಿಕೊಂಡು ಹೇಳಿದಳು:
"ಕಾಳಿಗೆ ಸೇತುವೆ ಇರದ ಕಾಲಕ್ಕೆ
ಕೋಡಿಬಾಗದ ದಂಡೆಯಲ್ಲಿ ನಿಂತು
ತಾರೀ... ತಾರೀ... ಎಂದು ಕೂಗ್ತಿದ್ದೆವು.
ಗಾಳಿ ಎದುರಿದ್ದರೆ ಆಚೆಯವನಿಗೆ ಕೇಳ್ತಿರಲಿಲ್ಲ.
ದೋಣಿ ಬರ್ತಿರಲಿಲ್ಲ.
ಕೂಗಿದವರ ತಪ್ಪೇ? ಅಂಬಿಗನ ತಪ್ಪೇ?
ಈಚೆ ದಂಡೆಯಲ್ಲೇ ಒಲೆ ಹೂಡಿ ಉಂಡೆವು, ಮಗಾ.
ಕೆಲವರು ಅಲ್ಲೇ ಮನೆ ಕಟ್ಟಿದರು."

ಅರಬೈಲ್ ಘಟ್ಟ ಇಳಿಯುವಾಗ ಬಸ್ಸಿನಲ್ಲಿ
ಆಯಿ ಕೇಳಿದ್ದು ಇಷ್ಟೇ:
"ಹಾಗಾದರೆ ಹಸಿರು ಬಳೆ ತೊಡಿಸಿದ್ದು?"
ಅಜ್ಜಿ ಕಿಟಕಿಯಾಚೆ ಉಗುಳಿದಳು.
"ತೊಡಿಸಿದ್ದು ತೊಡಿಸಿದ್ದೇ."

ಆಪರೇಷನ್ನಿನ ಗೆರೆ ಮಾಸಿದೆ. ಅಜ್ಜಿ ಇಲ್ಲ.
ರಾತ್ರಿ ಒಂಬತ್ತಕ್ಕೆ ಈಸ್ಟ್ರೋಜನ್ ಗುಳಿಗೆ, ಎಲುಬಿಗೊಂದು ಬೇರೆ.
ಮದುವೆ ಮನೆಗಳಲ್ಲಿ ಬಾಣಂತಿಯರ ಸಾಲು ಬಿಟ್ಟು
ಅಡುಗೆಯವರ ಜೊತೆ ಕೂರುತ್ತೇನೆ; ಅಲ್ಲಿ ಮೀನೂ ಒಳ್ಳೆಯದು.
ಚೀಲದಲ್ಲಿ ಈಗಲೂ ಒಂದು ಪ್ಯಾಡು ಇಟ್ಟಿರುತ್ತೇನೆ,
ಯಾರಿಗಾದರೂ ಬೇಕಾಗುತ್ತದೆ.

ಮತ್ತೆ ಜೂನ್ ಬರುತ್ತದೆ.
ಬೋಟುಗಳು ಒಂದಕ್ಕೊಂದು ಹಗ್ಗ ಕಟ್ಟಿಕೊಂಡು ನಿಂತಾಗ
ಹೊಟ್ಟೆಯೊಳಗೆ, ಏನೂ ಇಲ್ಲದ ಜಾಗದಲ್ಲಿ,
ಸಣ್ಣದೊಂದು ದಿಗಿಲು,
ತಿಂಗಳು ತಪ್ಪಿತೇನೋ ಅನ್ನುವ ಹಾಗೆ.