ಮರಳು ಸಮೇತ

ಪುಷ್ಪಾವತಿ ಮೇಡಂ ಮೊದಲ ದಿನವೇ ಹೇಳಿದ್ದರು,
ಟೇಬಲ್ಲಿನ ಮೇಲೆ ನಾನಿಟ್ಟ ಮಂಡಕ್ಕಿ ಚೀಲ
ಪಕ್ಕಕ್ಕೆ ಸರಿಸುತ್ತ:
"ಅಲ್ಲಾಬಕ್ಷಿ, ದೇವರಿಗೆ ಸುಳ್ಳು ಹೇಳಿದರೂ ನಡೆದೀತು,
ಅವನಿಗೆ ಮೊದಲೇ ಗೊತ್ತಿರುತ್ತೆ.
ನನಗೆ ಗೊತ್ತಿಲ್ಲ. ನೀವು ಹೇಳಿದಷ್ಟೇ ನಾನು."

ತಲೆ ಆಡಿಸಿದೆ.
ಆಡಿಸುವುದೇನು ಹೊಸದಲ್ಲ,
ಮೂವತ್ತು ವರ್ಷ ಜರಡಿಯ ಜೊತೆ ಆಡಿದ ತಲೆ.

ಕೊಟ್ರಬಸಪ್ಪನ ಗೋಡೌನು ಸುಟ್ಟ ರಾತ್ರಿ
ಎಲ್ಲಿದ್ದಿರಿ, ಅಂದರು.
ಭಟ್ಟಿಯ ಮುಂದೆ, ಅಂದೆ.
ಎಷ್ಟು ಹೊತ್ತು?
ರಾತ್ರಿಯಿಡೀ. ರೆಪ್ಪೆಗೆ ರೆಪ್ಪೆ ಅಂಟಿಸಿಲ್ಲ ಮೇಡಂ.
ಗುಮಾಸ್ತ ತಿಪ್ಪೇಶ ಬರೆದುಕೊಂಡ.
ಬರೆದದ್ದು ನೋಡಲು ಎಷ್ಟು ಚೆಂದ ಇತ್ತು!
ಸಾಲಾಗಿ, ನೆಟ್ಟಗೆ, ಒಂದೂ ಕಾಟಿಲ್ಲದೆ,
ನನ್ನ ಬಾಯಿಂದ ಬಿದ್ದದ್ದೇ ಅಲ್ಲವೇನೋ ಅನ್ನುವ ಹಾಗೆ.

ನಿಜ ಏನೆಂದರೆ,
ಅವತ್ತು ಮಧ್ಯಾಹ್ನವೇ ಹೊಟ್ಟು ಮುಗಿದಿತ್ತು.
ಹರಿಹರದ ಲಾರಿ ಬರಲಿಲ್ಲ.
ಒಲೆ ಆರಿ, ಮರಳು ತಣ್ಣಗಾಗಿ,
ಸಂಜೆಗೆ ಬೆಕ್ಕೊಂದು ಬಂದು ಬಾಣಲೆಯಲ್ಲೇ ಮಲಗಿತ್ತು.
ಆಳುಗಳನ್ನು ಕಳಿಸಿ ಪಿ.ಬಿ. ರಸ್ತೆಗೆ ನಡೆದೆ,
ಸೆಕೆಂಡ್ ಶೋಗೆ ಟಿಕೆಟ್ ತಗೊಂಡೆ.
ದಾವಣಗೆರೆಯಲ್ಲಿ ಗುರುತಿನವರಿಲ್ಲದ ಥಿಯೇಟರ್ ಎಲ್ಲಿದೆ?
ಮಫ್ಲರ್ ಸುತ್ತಿಕೊಂಡೆ.
ಐವತ್ತಾರು ವರ್ಷದ ಗಂಡಸು,
ಸಿನಿಮಾ ಹುಚ್ಚು ಎಂದು ಮಗನ ಮೊಬೈಲು ಕಸಿದವನು,
ಬಾಲ್ಕನಿಯಲ್ಲಿ ಒಬ್ಬನೇ ಕೂತು
ಇಂಟರ್‌ವೆಲ್ಲಿಗೆ ಮೊದಲೇ ಗೊರಕೆ ಹೊಡೆದೆ.

ಇದನ್ನು ಹೇಗೆ ಹೇಳಲಿ,
ಅದೂ ಹೊರಗೆ ಬೆಂಚಿನ ಮೇಲೆ ಮಗ ಕೂತಿರುವಾಗ?
ಕಾವಲು ಕಾದೆ ಅಂದರೆ ಮರ್ಯಾದೆ.
ಮರ್ಯಾದೆಗೆ ಒಂದು ರಾತ್ರಿ ಕಡ ತಗೊಂಡೆ, ಅಷ್ಟೇ.

ಆ ಕಡೆಯ ವಕೀಲ ಬಹಳ ಮೃದು ಮನುಷ್ಯ.
ನೀರು ಬೇಕೇನ್ರಿ, ಅಂತಲೂ ಕೇಳಿದ.
ಆಮೇಲೆ, ರಾತ್ರಿಯಿಡೀ ಭಟ್ಟಿ ಕಾದಿರಿ?
ಹೌದು.
ಉರಿಯುವ ಭಟ್ಟಿಯನ್ನೇ ತಾನೇ ಕಾಯುವುದು?
ಹೌದು ಮತ್ತೆ.
ಹಾಗಾದರೆ ಬೆಂಕಿ ಇತ್ತು.

ಇತ್ತು, ಅಂದೆ.
ಅಂದ ಮೇಲೆ ಕೇಳಿಸಿತು ನನಗೆ.
ಜಡ್ಜು ಟೈಪಿಸ್ಟಿನ ಕಡೆ ತಿರುಗಿದರು,
ಕೀಲಿಗಳು ಬಿಸಿ ಮರಳಿಗೆ ಬಿದ್ದ ಅಕ್ಕಿಯ ಹಾಗೆ
ಚಟಪಟ ಅರಳಿದವು.
ಬೆಕ್ಕು ಮಲಗಿದ್ದ ಒಲೆಗೆ
ತುಂಬಿದ ಕೋರ್ಟಿನಲ್ಲಿ
ನಾನೇ ಕಡ್ಡಿ ಗೀರಿದ್ದೆ.

ಹೊರಗೆ, ಬೇವಿನ ಮರದ ಕೆಳಗೆ, ಎಲ್ಲ ಹೇಳಿದೆ.
ಹೊಟ್ಟು, ಲಾರಿ, ಬೆಕ್ಕು, ಬಾಲ್ಕನಿ.
ಮೇಡಂ ಕರಿಕೋಟು ಬಿಚ್ಚಿ ತೋಳ ಮೇಲೆ ಹಾಕಿಕೊಂಡರು.
ಬೈಯುತ್ತಾರೆ ಅಂದುಕೊಂಡೆ.
"ಟಿಕೆಟ್ ಇದೆಯಾ?"
ಮುಬೀನಾ ಅಂಗಿ ಒಗೆದುಬಿಟ್ಟಿದ್ದಾಳೆ.
"ಲಾರಿಯವನು ಸಾಕ್ಷಿ ಹೇಳ್ತಾನಾ?"
ಹೇಳ್ತಿದ್ದ. ಹೋದ ವರ್ಷ ತೀರಿಕೊಂಡ.
ಸ್ವಲ್ಪ ಹೊತ್ತು ಅವರು ನನ್ನ ಚಪ್ಪಲಿಯನ್ನೇ ನೋಡಿದರು.

"ಮರಳು ಸಮೇತ ಕೊಡಬೇಕಿತ್ತು ನನಗೆ.
ಜರಡಿ ಹಿಡಿಯೋದು ನನ್ನ ಕೆಲಸ ಅಲ್ವೇನ್ರಿ?
ಜಳ್ಳು ಅಂತ ನೀವು ತೂರಿಬಿಟ್ಟಿದ್ದೇ ಕಾಳಾಗಿತ್ತು."

ಅರ್ಜಿ ಹಾಕಿ ನೋಡೋಣ,
ನಿಮ್ಮನ್ನು ಮತ್ತೆ ಕರೆಸುತ್ತಾರೋ ಇಲ್ಲವೋ,
ಮುಂದಿನ ತಾರೀಕು ಹದಿನೇಳು, ಅಂದರು.
ಹೊರಟವರು ನಿಂತು,
"ಇನ್ನೇನಾದರೂ ಉಳಿದಿದೆಯಾ?"

ಮಗ ಬೈಕು ಸ್ಟಾರ್ಟ್ ಮಾಡಿಕೊಂಡು ಕಾಯುತ್ತಿದ್ದ.
ಆಫ್ ಮಾಡು ಎಂದು ಕೈ ಮಾಡಿದೆ.
ಇದೆ ಮೇಡಂ, ಅಂದೆ,
ಹೊಟ್ಟು ಸಿಗದ ಕೆಲವು ದಿನ ನಾವು ಟೈರು...

ತಿಪ್ಪೇಶ ಪೆನ್ನಿನ ಮುಚ್ಚಳ ತೆಗೆದ.
ಬರೀಬೇಡ, ಅಂದರು ಮೇಡಂ.
ಮೊದಲು ಕೇಳೋಣ.