ಐವತ್ತು ಪದ ಮೀರದಂತೆ

ಮೈಸೂರಿನ ಆಫೀಸಿನಿಂದ ಬಂದ ಫಾರಮ್ಮಿನಲ್ಲಿ
ಹದಿನಾಲ್ಕನೇ ಕಲಮು:
ನಿಲ್ದಾಣದ ಇತಿಹಾಸ, ಐವತ್ತು ಪದ ಮೀರದಂತೆ.

ನಾನು ನೇರಳೆಸರ ಹಾಲ್ಟಿನ ಕಮಿಷನ್ ಏಜೆಂಟು.
ನೌಕರಳಲ್ಲ, ಪಿಂಚಣಿ ಇಲ್ಲ.
ಆನಂದಪುರದಿಂದ ಟಿಕೆಟ್ಟಿನ ಕಟ್ಟು ದುಡ್ಡು ಕೊಟ್ಟು ತಂದು
ಕಿಂಡಿಯಲ್ಲಿ ಬಿಡಿಬಿಡಿಯಾಗಿ ಮಾರುತ್ತೇನೆ,
ಸಂತೆಯಲ್ಲಿ ವೀಳ್ಯದೆಲೆ ಮಾರಿದ ಹಾಗೆ.
ಉಳಿದದ್ದು ಬಾಡುವುದಿಲ್ಲ, ಅಷ್ಟೆ.

ಏನು ಬರೆಯಲಿ? ಹಲಗೆಯಿಂದ ಶುರು ಮಾಡಲೆ?
ಸಮುದ್ರದಿಂದ ಎರಡು ಸಾವಿರದ ನೂರ ಮೂವತ್ತು ಅಡಿ
ಅಂತಿತ್ತಂತೆ ಮೊದಲು.
ಮೀಟರು ಬಂದ ವರ್ಷ ಪೇಂಟರು ಅದನ್ನು ಬಳಿದು
ಆರುನೂರ ನಲವತ್ತೊಂಬತ್ತು ಅಂತ ಬರೆದು ಹೋದ.
ಮಿಡಿ ಮಾರುವ ಬೀರಮ್ಮ ಬಹಳ ದಿನ ಅಂದುಕೊಂಡು ತಿರುಗಿದಳಂತೆ:
ಒಂದೇ ದಿನಕ್ಕೆ ಊರು ಇಷ್ಟು ತಗ್ಗಿದ ಮೇಲೆ
ನೀರು ಬರದೆ ಇರುತ್ತದೆಯೇ?

ಬಂತು.
ಇಲ್ಲಿಗಲ್ಲ, ಆಚೆ ಶರಾವತಿ ದಂಡೆಯ ಊರುಗಳಿಗೆ.
ಆಗ ಇದು ಸ್ಟೇಷನ್ನು, ಹಾಲ್ಟಾದದ್ದು ಆಮೇಲೆ.
ಸಾಗರದ ಕಡೆಯ ಗಾಡಿಯಿಂದ ಇಳಿದವರು
ಕೋಳಿಪಂಜರ ಇಳಿಸಿದರು, ಒನಕೆ, ಬೀಸುಕಲ್ಲು,
ಹಲಸಿನ ಮರದ ಒಂದು ಬಾಗಿಲು, ದಾರಂದದ ಸಮೇತ.

ಮಾಸ್ತರು ತಂಗವೇಲು ಕಾನೂನಿನ ಮನುಷ್ಯ.
ತೂಗಲೇಬೇಕು ಅಂದರು. ತಕ್ಕಡಿಗೆ ಹಿಡಿಸಲಿಲ್ಲ.
ಕೂಲಿ ಖಾದರ್ ಒಂದು ತುದಿ ಹೆಗಲಿಗೆ ಕೊಟ್ಟು ನಿಂತ.
ಯಾವ ದರ್ಜೆಯ ಸಾಮಾನು ಇದು?
ದರದ ಪುಸ್ತಕದಲ್ಲಿ ಸೈಕಲ್ ಇತ್ತು, ಹಾರ್ಮೋನಿಯಂ ಇತ್ತು,
ಹೆಣವೂ ಇತ್ತು. ಬಾಗಿಲು ಇರಲಿಲ್ಲ.
ಕೊನೆಗೆ, ತಮಿಳಿನ ಹಾಗೆ ಕಾಣುವ ಅವರ ದುಂಡು ಕನ್ನಡದಲ್ಲಿ,
ರಿಜಿಸ್ಟರಿನಲ್ಲಿ ಬರೆದರಂತೆ:
ಬಾಗಿಲು ಒಂದು. ಮನೆ ಇಲ್ಲ. ಶುಲ್ಕ ಇಲ್ಲ.

ಆ ರಿಜಿಸ್ಟರು ಈಗಿಲ್ಲ. ಗೆದ್ದಲು ತಿಂತು ಅಂತ ಕೆಲವರು,
ಗುಜರಿಗೆ ಹೋಯಿತು ಅಂತ ಕೆಲವರು.
ನಾನು ನೋಡಿದ್ದಲ್ಲ.
ಬಾಗಿಲು ನೋಡಿದ್ದೇನೆ. ಅದರೊಳಗೇ ಹುಟ್ಟಿದವಳು.
ಅಜ್ಜ ಮೊದಲು ಅದನ್ನು ನಿಲ್ಲಿಸಿ
ಆಮೇಲೆ ಸುತ್ತ ಗೋಡೆ ಹೊಂದಿಸಿದ್ದು.
ಎಲ್ಲೋ ಅಳತೆ ತಪ್ಪಿದೆ,
ಈಗಲೂ ಒದ್ದೇ ತೆರೆಯಬೇಕು.

ಸ್ಲೀಪರುಗಳದ್ದು ಬೇರೆ ಕಥೆ.
ಮತ್ತಿ, ಹೊನ್ನೆ, ಇದೇ ಗುಡ್ಡದ ಮರಗಳು
ಹಳಿಯಡಿ ಮಲಗಿ ಎಲ್ಲಿಗೂ ಹೋಗಲಿಲ್ಲ.
ಸಿಮೆಂಟಿನವು ಬಂದಾಗ ಹರಾಜಾದವು.
ಗ್ಯಾಂಗ್‌ಮನ್ ತಿಮ್ಲಯ್ಯ ಎಂಟು ಕೊಂಡು ಕೊಟ್ಟಿಗೆ ಕಟ್ಟಿದ.
ಇಂಜಿನ್ ಎಣ್ಣೆಯ ವಾಸನೆಗೆ
ಎಮ್ಮೆ ಒಂದು ವಾರ ಒಳಗೆ ಹೋಗಲಿಲ್ಲ.

ಹಳಿ ಕಿತ್ತು ಅಗಲ ಮಾಡಿದ ವರ್ಷಗಳಲ್ಲಿ ಗಾಡಿಯೇ ಇಲ್ಲ.
ಬೀರಮ್ಮ, ಆಗಲೇ ಹಣ್ಣು ಮುದುಕಿ,
ಒಂಬತ್ತು ಹತ್ತಕ್ಕೆ ಬುಟ್ಟಿ ತಂದು ಪ್ಲಾಟ್‌ಫಾರಮ್ಮಿನಲ್ಲಿ ಕೂತು
ಹತ್ತೂವರೆಗೆ ಎದ್ದು ಹೋಗುತ್ತಿದ್ದಳು.
ಕೇಳಿದರೆ, 'ಲೇಟಿರಬಹುದು.'
ಕೊನೆಗೊಮ್ಮೆ ಗಾಡಿ ಬಂತು, ಬಾಳೆಕಂಬ ಕಟ್ಟಿಕೊಂಡು.
ಬೀರಮ್ಮ ಆ ತುದಿಯಿಂದ ಈ ತುದಿಗೆ ಕಣ್ಣು ಹಾಯಿಸಿದಳು.
'ಇದು ಅಗಲ. ನಮ್ಮದು ಹಿಂದೆ ಬರ್ತದೆ' ಎಂದು
ಕೂತೇ ಇದ್ದಳು.

ಪದ ಎಣಿಸಿದೆ. ಐವತ್ತು ಯಾವಾಗಲೋ ದಾಟಿದೆ,
ಈ ಹಾಲ್ಟಿನಲ್ಲಿ ನಿಲ್ಲದ
ರಾತ್ರಿ ಎಕ್ಸ್‌ಪ್ರೆಸ್ಸಿನ ಹಾಗೆ.
ಒಂದೊಂದೇ ಹೊಡೆದು ಹಾಕಿದೆ: ಎಮ್ಮೆ ಹೋಯಿತು,
ಎಣ್ಣೆ ಹೋಯಿತು, ತಂಗವೇಲು ಹೋದರು.
ಬಾಗಿಲು ಹೊಡೆಯಲು ಪೆನ್ನು ಎತ್ತಿದ್ದೆ,

ಕಿಂಡಿಯಲ್ಲಿ ಒಂದು ಕೈ ಬಂತು, ಮಸಿ ಹಿಡಿದ ಬಳೆ,
'ಕುಂಸಿಗೆ ಎರಡು.
ಹುಂಜಕ್ಕೂ ಬೇಕಾ ಅಕ್ಕಾ?'
ಕಂಕುಳಿಂದ ಅದು ನನ್ನನ್ನೇ ನೋಡುತ್ತಿತ್ತು.
ಪುಸ್ತಕ ತೆಗೆದು ನೋಡಬೇಕಿತ್ತು.
ತಿರುವಿನಲ್ಲಿ ಗಾಡಿ ಕೂಗಿತು.

ಬೇಡ, ಹತ್ತು ಅಂದೆ.